ಬಾರಿಸದೆ ಕಳಿಸಿದ ಗಡಿಗೆಗಳು

ಜನವರಿ 21, ಮಂಗಳವಾರ

ಇವತ್ತೂ ಒಂದು ವಾಪಸ್ ಬಂತು. ಸಾಗರದಿಂದ. ಹುಲ್ಲು, ಥರ್ಮಾಕೋಲ್, ಬಬಲ್ ರ‍್ಯಾಪ್ ಎಲ್ಲ ನಾನು ಸುತ್ತಿದ ಹಾಗೇ ಇದೆ. ಪೂರ್ತಿ ಬಿಚ್ಚಿಯೂ ನೋಡಿಲ್ಲ. ಕಾರಣ ಬರೆದಿದ್ದಾರೆ — "ಒಡಕು ಇರಬಹುದು ಅನ್ನಿಸಿತು." ಇರಬಹುದು! ನಾನೇ ಬಿಚ್ಚಿ, ಬೆರಳ ಗೆಣ್ಣಿನಿಂದ ಬಾರಿಸಿ ನೋಡಿದೆ. ಠಣ್ ಅಂತು. ಕೂದಲೆಳೆಯಷ್ಟೂ ಒಡಕಿಲ್ಲ.

ತಿಪ್ಪೇಶಣ್ಣ ಲ್ಯಾಪ್‌ಟಾಪ್ ಮುಚ್ಚಿ ಕೂತ. "ನಮ್ಮ ಜನಕ್ಕೆ ಆನ್‌ಲೈನಾಗೆ ಮೊಬೈಲ್ ತಗಳಾಕೆ ಧೈರ್ಯ ಐತಿ, ಟಿವಿ ತಗಳಾಕೆ ಧೈರ್ಯ ಐತಿ. ಗಡಿಗೆ ತಗಳಾಕೆ ಇಲ್ಲ ನೋಡು." ದೊಡ್ಡಮ್ಮನ ಮಗ ಅಂತ ಇವನ ಹತ್ತಿರ ಕೆಲಸಕ್ಕೆ ಬಂದೆ. ಯಾವಾಗ ಅಣ್ಣ, ಯಾವಾಗ ಮಾಲೀಕ ಅನ್ನುವುದು ಇನ್ನೂ ತಿಳಿಯುವುದಿಲ್ಲ. 'ಮಣ್ಣಿನ ಮನೆ' ಅಂತ ದೊಡ್ಡ ಹೆಸರು. ಇರುವುದು ಶಿಕಾರಿಪುರ ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿಯ ಮೇಲಿನ ಒಂದು ರೂಮು, ಒಂದು ವೆಬ್‌ಸೈಟು, ಒಂದು ವಾಟ್ಸ್ಆ್ಯಪ್ ನಂಬರು.

ಸಂಜೆ ಆ ನಂಬರಿಗೆ ಒಂದು ವಾಯ್ಸ್ ನೋಟ್. ಸೊರಬದ ವಿನೋದಾ ಅಂತೆ, ಪೋಸ್ಟ್ ಆಫೀಸಿನಲ್ಲಿ ಕೆಲಸವಂತೆ. ಟೈಪ್ ಮಾಡುವವರಲ್ಲ, ಎಲ್ಲ ಮಾತಿನಲ್ಲೇ. "ಅಲ್ಲ ಮಾರಾಯ್ರೆ, ಫೋಟೋ ಚೆಂದ ಇದೆ, ಒಪ್ದೆ. ಆದ್ರೆ ಬಾರಿಸಿ ನೋಡ್ದೆ ಗಡಿಗೆ ಹ್ಯಾಗೆ ತಗೊಳೋದು? ನಮ್ಮತ್ತೆ ಸಂತೇಲಿ ಸಾಲಿಗೆ ಸಾಲು ಬಾರಿಸಿ ಒಂದು ಎತ್ತೋರು. ಗಡಿಗೆ ಏನು ಸೀರೆನಾ, ಕಣ್ಣಲ್ಲಿ ನೋಡಿ ತಗೊಳೋಕೆ?"

ಎರಡು ಸಲ ಕೇಳಿದೆ. ಆಮೇಲೆ ಉತ್ತರ ಟೈಪ್ ಮಾಡಿದೆ: "ಧನ್ಯವಾದಗಳು ಮೇಡಂ. ತಮ್ಮ ಸಲಹೆಯನ್ನು ಗಮನಿಸಲಾಗುವುದು." ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕನ್ನಡ ಎಂ.ಎ. ಮಾಡಿ ಬರೆದ ವಾಕ್ಯ. ಥೂ.

ಜನವರಿ 22, ಬುಧವಾರ

ಬೆಳಿಗ್ಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಊಟ ಆದ ಮೇಲೆ ಹೇಳೋಣ ಅಂದುಕೊಂಡೆ. ಅವನು ಫೋನಿನಲ್ಲಿದ್ದ. ಫೋನ್ ಇಟ್ಟ. ಆಗಲೂ ಹೇಳಲಿಲ್ಲ. ಕೊನೆಗೆ ವಾಟ್ಸ್ಆ್ಯಪ್ ಮಾಡಿದೆ — "ಪ್ರತಿ ಗಡಿಗೆಯನ್ನೂ ಪ್ಯಾಕ್ ಮಾಡುವ ಮುಂಚೆ ಬಾರಿಸಿ, ಸದ್ದು ರೆಕಾರ್ಡ್ ಮಾಡಿ, ಅದನ್ನು ತಗೊಳ್ಳುವವರಿಗೆ ಕಳಿಸಬಹುದಾ? ಅವರಿಗೆ ಹೋಗುವ ಅದೇ ಗಡಿಗೆಯ ಸದ್ದು."

ಮೇಜಿನ ಆಚೆ ಅವನ ಫೋನ್ ಟಿಣ್ ಅಂತು. ಓದಿದ. ತಲೆ ಎತ್ತಿ ನೋಡಿದ.

"ಎದುರಿಗೆ ಕುಂತು ಮೆಸೇಜ್ ಮಾಡ್ತೀಯಲ್ಲೇ. ನೀ ಮನುಷ್ಯಳೋ, ಓಟಿಪಿನೋ?"

ಆದರೆ ಎದ್ದು ಓಡಾಡತೊಡಗಿದ. ಐದು ನಿಮಿಷಕ್ಕೆ ಅದು ಅವನ ಐಡಿಯಾ ಆಗಿತ್ತು. ಯಾರಿಗೋ ಫೋನ್ ಹಚ್ಚಿ "ನಂಗೊಂದು ಹೊಳೀತು ನೋಡು" ಅಂದ. ಇರಲಿ. ಡಿಗ್ರಿ ಕಾಲೇಜಿನ ಡೆಮೊ ಕ್ಲಾಸಿನಲ್ಲೂ ಹೀಗೇ. ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ, ಹಿಂದಿನ ಬೆಂಚಿಗೆ ಕೇಳಿಸಲಿಲ್ಲ ಅಂದರು. ಗೆಸ್ಟ್ ಲೆಕ್ಚರರ್ ಕೆಲಸ ಮುಂದಿನ ಬೆಂಚಿನವರೆಗೆ ಬಂದು ವಾಪಸ್ ಹೋಯಿತು.

ಜನವರಿ 24, ಶುಕ್ರವಾರ

ಬರೀ ರಗಳೆ. ಮೊದಲ ರೆಕಾರ್ಡಿಂಗಿನಲ್ಲಿ ಗಡಿಗೆಗಿಂತ ನನ್ನ ಗಾಜಿನ ಬಳೆಯದೇ ಸದ್ದು. ಕಳಿಸಿದ ಸ್ವಲ್ಪ ಹೊತ್ತಿಗೆ ಉತ್ತರ ಬಂತು — "ಒಳಗೇನೋ ಗಲಗಲ ಅಂತಿದೆ, ಒಡೆದ ಚೂರಾ?" ಬಲಗೈ ಬಳೆ ಬಿಚ್ಚಿಟ್ಟೆ. ಮನೆಗೆ ಹೋದರೆ ಅಮ್ಮನ ಕಣ್ಣು ನೇರ ಕೈಗೇ ಬಂತು. "ಬರಿಗೈಯಾಗೆ ಊರೆಲ್ಲ ಸುತ್ತಿ ಬಂದ್ಯಾ? ಗಡಿಗೆ ಬಾರಿಸಾಕೆ ಎಂ.ಎ. ಯಾಕೆ ಬೇಕಿತ್ತೇ?"

ಎರಡನೆಯದು ಇನ್ನೂ ಕಷ್ಟ. ಕಿವಿಗೆ ಠಣ್ ಅಂತ ಕೇಳಿದ್ದು ವಾಟ್ಸ್ಆ್ಯಪಿನಲ್ಲಿ ಡಬ್ ಅಂತ ಕೇಳುತ್ತದೆ. ಎಷ್ಟು ಸಲ ಮಾಡಿದರೂ ಡಬ್. ಆಮೇಲೆ ಗೊತ್ತಾಯಿತು: ಫೋನಿಗೆ ಮನುಷ್ಯರು ಆಡಿದ್ದು ಮಾತ್ರ ಮಾತು, ಮಿಕ್ಕಿದ್ದೆಲ್ಲ ಗದ್ದಲ. ಗಡಿಗೆಯ ಗುಂಯ್‌ಗುಡುವ ಬಾಲವನ್ನು ಗದ್ದಲವೆಂದು ತಾನೇ ಕತ್ತರಿಸಿ ಹಾಕುತ್ತದೆ. ಹೀಗಾಗಿ ಒಳ್ಳೆಯ ಗಡಿಗೆಯೂ ಒಡಕು ಗಡಿಗೆ.

ಮೂರನೆಯದು, ಕೆಳಗೆ ಕಂಡಕ್ಟರು. "ಶಿರಾಳಕೊಪ್ಪ, ಆನವಟ್ಟಿ, ಹಾನಗಲ್! ಹಾನಗಲ್, ಹಾನಗಲ್!" ಕಿಟಕಿ ಮುಚ್ಚಿದರೂ ಒಳಗೇ ನಿಂತು ಕೂಗಿದ ಹಾಗೆ.

ಜನವರಿ 28, ಮಂಗಳವಾರ

ಆಯಿತು. ತಿಪ್ಪೇಶಣ್ಣನ ಹಳೇ ಫೋನಿನ ರೆಕಾರ್ಡರಿನಲ್ಲಿ. ಗಡಿಗೆಯ ಕೆಳಗೆ ಬಟ್ಟೆ ಸುತ್ತಿದ ಸಿಂಬೆ, ಫೋನಿನ ಕೆಳಗೆ ಟವೆಲ್ಲು, ಬಸ್ಸು ಹೋದ ಮೇಲಿನ ನಿಶ್ಶಬ್ದದಲ್ಲಿ. ಕಂಠಕ್ಕೆ ಒಂದು, ಹೊಟ್ಟೆಗೆ ಒಂದು, ತಳಕ್ಕೆ ಒಂದು. ಫೈಲ್ ಮಾಡಿ ಕಳಿಸಿದರೆ ಬಾಲ ಉಳಿಯುತ್ತದೆ.

ಖುಷಿ ಪಡುವಷ್ಟರಲ್ಲಿ ಅವನು ಶುರುಮಾಡಿದ. "ಬರೇ ಠಣ್ ಅಂದ್ರೆ ಯಾರ ಮನೆ ಗಡಿಗೆನೋ ಏನೋ. ಹೆಸರು ಹೇಳಿ ಬಾರಿಸು."

"ನೀನೇ ಹೇಳಣ್ಣ."

"ನನ್ನ ದನಿ ಕೇಳಿದ್ರೆ ಫೈನಾನ್ಸ್ ವಸೂಲಿಗೆ ಬಂದೋನು ಅಂತ ಕಟ್ ಮಾಡ್ತಾರೆ. ನೀ ಹೇಳೇ."

ಅವನು ಇರುವಾಗ ಬಾಯಿ ಬರಲಿಲ್ಲ. ಟೀಗೆ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಸದ್ದು ಕೇಳಿಸುತ್ತೇವೆ ಅಂದದ್ದಕ್ಕೆ ಸೊರಬದವರೇ ಮೊದಲ ಆರ್ಡರ್ ಕೊಟ್ಟಿದ್ದರು. "ವಿನೋದಾ ಅವರೇ, ಇದು ನಿಮ್ಮ ಗಡಿಗೆ." ಅಳಿಸಿದೆ. ಮತ್ತೆ ಹೇಳಿದೆ. ಅಳಿಸಿದೆ. ಇಷ್ಟು ಚಿಕ್ಕ ವಾಕ್ಯವನ್ನು ಇಷ್ಟು ಸಲ ತಿದ್ದಿದ್ದು ಪ್ರಬಂಧ ಬರೆಯುವಾಗಲೂ ಇಲ್ಲ. ರೆಕಾರ್ಡಿಂಗಿನ ಒಂದೇ ಪುಣ್ಯ... ಅಳಿಸಬಹುದು.

ಫೆಬ್ರವರಿ 4, ಮಂಗಳವಾರ

ವಿನೋದಾ ಅವರ ವಾಯ್ಸ್ ನೋಟ್. ಉದ್ದದ್ದು.

"ಗಡಿಗೆ ಬಂತು. ಒಂದು ಕಿವಿಗೆ ಫೋನ್ ಇಟ್ಕೊಂಡು, ಇನ್ನೊಂದು ಕಡೆ ಗಡಿಗೆ ಬಾರಿಸಿ ತಾಳೆ ನೋಡ್ದೆ. ಅದೇ! ನಮ್ಮತ್ತೆನೂ ಕೇಳಿ ಹೌದು ಅಂದ್ರು, ಅವರು ನನ್ನ ಅಡುಗೆನೇ ಇವತ್ತಿಗೂ ಒಪ್ಪಿಲ್ಲ. ಅದಿರ್ಲಿ, ಆ ಹುಡುಗಿ ಯಾರು? ಎಷ್ಟು ಮೆಲ್ಲಗೆ ಹೇಳ್ತಾಳೆ. ಮಾರೋರ ದನಿ ಅಲ್ಲ ಅದು. ಸುಳ್ಳು ಹೇಳೋರಿಗೆ ಅಷ್ಟು ನಾಚಿಕೆ ಇರಲ್ಲ."

ಹಿಂದಿನ ಬೆಂಚಿಗೆ ಕೇಳಿಸದ ದನಿ ಸೊರಬಕ್ಕೆ ಕೇಳಿಸಿದೆ. ಮನಸ್ಸು ಹಿಗ್ಗಿತು. ಆ ಹಿಗ್ಗನ್ನೂ ತಿಪ್ಪೇಶಣ್ಣ ಹಾಳುಮಾಡಿದ: ಅವರ ಮಾತನ್ನೇ ಕತ್ತರಿಸಿ ವೆಬ್‌ಸೈಟಿನ ಮೇಲೆ ಹಾಕಿದ. ಕೆಳಗೆ ದೊಡ್ಡ ಅಕ್ಷರ — 'ಪ್ರತಿ ಗಡಿಗೆಗೂ ದನಿಯ ಗ್ಯಾರಂಟಿ'. ಅವರನ್ನು ಕೇಳಬೇಡವಾ ಅಂತ ಮೆಸೇಜ್ ಮಾಡಿದೆ. ಓದಿದ ಗುರುತು ಬಿತ್ತು, ಅಷ್ಟೇ.

ಆರ್ಡರ್ ಬರುತ್ತಿವೆ. ಅರ್ಧ ವಿನೋದಾ ಅವರ ಕಡೆಯವೇ. ಆಫೀಸಿನವರು, ಶಿರಸಿಯ ನಾದಿನಿ, ನಾದಿನಿಯ ಓರಗಿತ್ತಿ.

ಫೆಬ್ರವರಿ 13, ಗುರುವಾರ

ಕುಬಟೂರಿನ ಹತ್ತಿರ ಲೋಕಮ್ಮನ ಮನೆಗೆ ಹೋಗಿದ್ದೆ. ನಮ್ಮ ಗಡಿಗೆಯೆಲ್ಲ ಅವರದೇ. ಗಂಡ ಗುತ್ಯಪ್ಪ ಚಕ್ರ ತಿರುಗಿಸುತ್ತಾರೆ, ಲೋಕಮ್ಮ ತಟ್ಟಿ, ತೀಡಿ, ಸುಡುತ್ತಾರೆ, ಇಬ್ಬರ ಪಾಲಿನ ಮಾತನ್ನೂ ಆಡುತ್ತಾರೆ. ಪ್ರತಿ ಗಡಿಗೆಯ ಕಂಠದಲ್ಲಿ ಅವರ ಹೆಬ್ಬೆರಳಿನ ಗುರುತು.

ಜಗುಲಿಯ ಮೇಲೆ ಒಂದು ತಟ್ಟೆ, ಅದರಲ್ಲಿ ಎಲೆ-ಅಡಿಕೆ. ಶಿಕಾರಿಪುರದ ಗಡಿಗೆ ಅಂಗಡಿ ಮಹೇಶ್ವರಪ್ಪ ಕಳಿಸಿದ ವೀಳ್ಯ. ಪ್ರತಿ ವರ್ಷ ಬೇಸಿಗೆಗೆ ಮುಂಚೆ ಕಳಿಸುತ್ತಾರಂತೆ. ಇಟ್ಟುಕೊಂಡರೆ ಆ ಬೇಸಿಗೆಯ ಎರಡು ಆವಿಗೆಗಳಲ್ಲಿ ಸುಟ್ಟ ಗಡಿಗೆಯೆಲ್ಲ ಅವರದು, ಒಡಕನ್ನು ಬಿಟ್ಟು. ವಾಪಸ್ ಕಳಿಸಿದರೆ ಆ ವರ್ಷ ಆ ಬಾಗಿಲಿಗೆ ಬರುವುದಿಲ್ಲ, ಬೇರೆ ಊರಿನ ಕುಂಬಾರರಿಗೆ ಹೋಗುತ್ತಾರೆ.

"ಇಟ್ಕಳ್ಲೋ, ಕಳಿಸ್ಲೋ?" ಲೋಕಮ್ಮ ಕೇಳಿದರು. "ನಿಮ್ಮಣ್ಣ ಬಾಳ ಮಾತಾಡ್ತಾನವ್ವ, ಅವನ ಮಾತು ನಂಗ ಬ್ಯಾಡ. ನೀ ಹೇಳು."

ತಲೆಯಾಡಿಸಿದೆ.

"ತಲಿ ಆಡಿಸಿದ್ರ ಆಗಂಗಿಲ್ಲ. ಬಾಯಾಗ ಕಡುಬು ಇಟ್ಕಂಡೀಯೇನು? ಹೇಳು."

"ನಾವೇ ತಗೋತೀವಿ. ಎರಡೂ ಆವಿಗೆ."

ಚಕ್ರ ನಿಂತಿತು. ಗುತ್ಯಪ್ಪ ನನ್ನನ್ನು ನೋಡಿದರು. ಹೋದ ವರ್ಷದವರೆಗೆ ಬೇಸಿಗೆಯ ಗಡಿಗೆ ಆದ ಕೂಡಲೇ ಶಿರಾಳಕೊಪ್ಪದ ಕಡೆ ಇಟ್ಟಿಗೆ ಭಟ್ಟಿಗೆ ಹೋಗುತ್ತಿದ್ದವರು. ಚಕ್ರದಲ್ಲೇ ಉಳಿದದ್ದು ನಮ್ಮ ಆರ್ಡರ್ ನೋಡಿಯೇ. "ಹೆಚ್ಚು ಕಮ್ಮಿ ಆದ್ರೆ ನಂಗೆ ಮತ್ತೆ ಭಟ್ಟಿನೇ," ಅಂದರು. ನಾನು ಅವರ ದನಿ ಕೇಳಿದ್ದು ಅದೇ ಮೊದಲು.

ಲೋಕಮ್ಮ ನನ್ನೆದುರಿಗೇ ಪಕ್ಕದ ಮನೆಯವರ ಕೈಲಿ ತಟ್ಟೆ ವಾಪಸ್ ಕಳಿಸಿದರು. ಎಲೆ ಇನ್ನೂ ಬಾಡಿರಲಿಲ್ಲ.

ನಾನು ಬಾಯಿಬಿಟ್ಟು ಹೇಳಿದ್ದನ್ನು ನಂಬಿ ಇದುವರೆಗೆ ಯಾರೂ ಏನೂ ಮಾಡಿದ್ದಿಲ್ಲ.

ಫೆಬ್ರವರಿ 25, ಮಂಗಳವಾರ

ಬಿಸಿಲು ಏರಿದೆ. ಆರ್ಡರೂ ಏರಿದೆ. ದಿನವಿಡೀ ಬಾರಿಸಿ ಬೆರಳ ಗೆಣ್ಣು ಕೆಂಪಾಗಿದೆ. ಹೆಸರು ಹೇಳುವಾಗ ಬಸ್ಸು, ಬಾರಿಸುವಾಗ ಕಂಡಕ್ಟರು, ಎರಡೂ ಸರಿಯಾದರೆ ಕೆಳಗೆ ಜೆರಾಕ್ಸ್ ಅಂಗಡಿಯವನ ಸೀನು. ಒಂದು ಗಡಿಗೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಪ್ಪೇಶಣ್ಣ ಬಾಗಿಲಲ್ಲಿ ನಿಂತು ವಾಚು ನೋಡುತ್ತಾನೆ. ಅವನು ನಿಂತರೆ ನನಗೆ ದನಿಯೇ ಹೊರಡುವುದಿಲ್ಲ. ಅದಕ್ಕೆ ಇನ್ನಷ್ಟು ಹೊತ್ತು.

"ಪಾರ್ಸೆಲ್ ಗಾಡಿ ಹೋತು ಇವತ್ತೂ. ನೀ ಏನು ಗಡಿಗೆ ಬಾರಿಸ್ತೀಯೋ, ಗಡಿಗೆಗೆ ನಾಮಕರಣ ಮಾಡ್ತೀಯೋ?"

ಮಾರ್ಚ್ 1, ಶನಿವಾರ

ಹೊಸ ಏರ್ಪಾಡು. ಹೆಸರುಗಳನ್ನು ನಾನು ಒಟ್ಟಿಗೆ ಕೂತು ಹೇಳುವುದು. ಬಾರಿಸುವುದು, ಜೋಡಿಸುವುದು, ಕಳಿಸುವುದು ಅವನು. ನಾನು ಪ್ಯಾಕಿಂಗು.

ಬೆಳಿಗ್ಗೆ ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತಾ ಹೇಳಿದೆ. "ಅಭಿಜ್ಞ ಅವರೇ, ಇದು ನಿಮ್ಮ ಗಡಿಗೆ. ಸುಬ್ಬಯ್ಯ ಅವರೇ, ಇದು ನಿಮ್ಮ ಗಡಿಗೆ. ಶ್ರೀರಂಜಿನಿ ಅವರೇ..." ಸಿಂಬೆ ಖಾಲಿ. ಹಾಜರಿ ಕೂಗಿದ ಹಾಗಿತ್ತು, ಯಾರೂ ಬಾರದ ಕ್ಲಾಸಿನಲ್ಲಿ.

ಬೇಗ ಮುಗಿಯಿತು. ಒಂದನ್ನೂ ಅಳಿಸಲಿಲ್ಲ.

ಮಾರ್ಚ್ 17, ಸೋಮವಾರ

ತಿಪ್ಪೇಶಣ್ಣ ಬ್ಯಾಂಕಿಗೆ ಹೋಗಿದ್ದ. ಹಳೇ ಫೋನ್ ಮೇಜಿನ ಮೇಲಿತ್ತು. ಸುಮ್ಮನೆ ಒಂದು ಫೈಲ್ ಹಾಕಿ ಕೇಳಿದೆ. ನನ್ನ ದನಿ, ಆಮೇಲೆ ಗಡಿಗೆ. ಒಳ್ಳೆಯ ಸದ್ದು, ಕಂಚಿನ ಹಾಗೆ. ಹಿಂದೆ ದೂರದಲ್ಲಿ ಸಣ್ಣಗೆ "ಹಾನಗಲ್, ಹಾನಗಲ್". ಇನ್ನೊಂದು ಹಾಕಿದೆ. ಬೇರೆ ಹೆಸರು. ಅದೇ ಕಂಚು. ಅದೇ ಹಾನಗಲ್. ಇನ್ನೊಂದು... ಮತ್ತೊಂದು...

ಅವನು ಬಂದಾಗ ಫೋನ್ ಕೈಯಲ್ಲೇ ಇತ್ತು. ಮೆಸೇಜ್ ಮಾಡಲಿಲ್ಲ, ಬಾಯಿಬಿಟ್ಟೇ ಕೇಳಿದೆ. "ಇದೇನಣ್ಣ?"

"ಏನೇನು? ಗಡಿಗೆ ಒಡೆದಾವೇನು? ನೀನೇ ಪ್ಯಾಕ್ ಮಾಡಿದ್ದು. ಒಂದಾದ್ರೂ ಒಡಕು ಕಂಡ್ಯಾ?"

"ಇಲ್ಲ. ಆದರೆ—"

"ಮತ್ತೆ? ಮದುವಿ ಮನ್ಯಾಗೆ ಒಂದೇ ಭಟ್ಟರು ಎಲ್ಲಾರಿಗೂ ಅದೇ ಮಂತ್ರ ಹೇಳ್ತಾರಪ್ಪ. ಸಂಸಾರ ಆಗಂಗಿಲ್ಲೇನು?"

ಫೋನ್ ಮೇಜಿನ ಮೇಲಿಟ್ಟೆ. ಮನೆಗೆ ಬರುವಾಗ ದಾರಿಯಲ್ಲಿ ಬಂತು, ನಾಲ್ಕು ಉತ್ತರ, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಯಾರಿಗೆ ಹೇಳಲಿ?

ಮಾರ್ಚ್ 19, ಬುಧವಾರ

ಇವತ್ತೂ ಹೆಸರು ಹೇಳಿದೆ. ಗೊತ್ತಿದ್ದೂ.

ಲೋಕಮ್ಮನ ಎರಡನೇ ಆವಿಗೆಗೆ ಬೆಂಕಿ ಬಿದ್ದಿದೆ. ಈಗ ಜಗಳ ಆಡಿದರೆ ಆ ಗಡಿಗೆಗಳು ಎಲ್ಲಿಗೆ ಹೋಗುತ್ತವೆ? ಹೀಗೆ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ. ನಾನು ಸುಮ್ಮನಿದ್ದದ್ದು ಲೋಕಮ್ಮನಿಗಾಗಿಯೋ, ಸುಮ್ಮನಿರುವುದು ನನಗೆ ಸುಲಭ ಅಂತಲೋ.

ಮಾರ್ಚ್ 24, ಸೋಮವಾರ

ವಿನೋದಾ ಅವರು. ಸಣ್ಣ ವಾಯ್ಸ್ ನೋಟ್.

"ನಿನ್ನೆ ನಾದಿನಿ ಬಂದಿದ್ಲು. ಆಫೀಸಿನೋರು ಇಬ್ರೂ ಟೀಗೆ ಬಂದಿದ್ರು. ಮೂರೂ ಜನ ನಿಮ್ಮ ಆಡಿಯೋ ಹಾಕಿದ್ರು. ಹೆಸರು ಬೇರೆ ಬೇರೆ, ಠಣ್ ಅಂದಿದ್ದು ಒಂದೇ. ಹಾನಗಲ್ ಹಾನಗಲ್ ಅಂತ ಯಾರೋ ಕೂಗೋದು ಮೂರರಲ್ಲೂ ಅದೇ ಜಾಗಕ್ಕೆ. ಏನು, ನಿಮ್ಮೂರಲ್ಲಿ ಬಸ್ಸು ಗಡಿಗೆ ತಾಳಕ್ಕೆ ಬರತ್ತಾ? ಇವರಿಗೆಲ್ಲ ಹೇಳಿದೋಳು ನಾನು. ಎಲ್ಲಾರ ಎದುರಿಗೆ ನನ್ನ ಮುಖಕ್ಕೆ ಮಂಗಳಾರತಿ ಆಯ್ತು."

ಮಧ್ಯಾಹ್ನದೊಳಗೆ ಮೂರೂ ಆಡಿಯೋ ಸೇರಿಸಿ ಗ್ರೂಪುಗಳಲ್ಲಿ ಓಡಾಡುತ್ತಿತ್ತು. ನಮ್ಮ ಪೇಜಿನ ಕೆಳಗೂ ಯಾರೋ ಹಾಕಿದರು. 'ಹಾನಗಲ್ ಗಡಿಗೆ' ಅಂತ ಹೆಸರೂ ಇಟ್ಟಾಯಿತು.

ತಿಪ್ಪೇಶಣ್ಣ ಮೊದಲು ನಕ್ಕ. ಆಮೇಲೆ "ಜನಕ್ಕೆ ಕೆಲಸ ಇಲ್ಲ" ಅಂದ. ಸಂಜೆ ಹೊತ್ತಿಗೆ ನನ್ನ ಕಡೆ ತಿರುಗಿದ. "ಬಾರಿಸೋ ಐಡಿಯಾ ಕೊಟ್ಟೋಳು ನೀನೇ ಅಲ್ಲೇನು?"

ಈಗ ಐಡಿಯಾ ನನ್ನದಾಯಿತು.

ಮಾರ್ಚ್ 26, ಬುಧವಾರ

ರೂಮಿನ ತುಂಬಾ ವಾಪಸ್ ಬಂದ ಪಾರ್ಸೆಲ್. ಕಾಲಿಡಲು ಜಾಗವಿಲ್ಲ. ಒಂದೊಂದೇ ಬಿಚ್ಚಿ ಬಾರಿಸುತ್ತಿದ್ದೇನೆ. ಠಣ್. ಠಣ್. ಠಣ್. ಒಂದೂ ಒಡೆದಿಲ್ಲ. ಅದಕ್ಕೇ ಸಿಟ್ಟು. ಒಂದಾದರೂ ಒಡೆದಿದ್ದರೆ 'ಹೌದು, ತಪ್ಪಾಯಿತು, ಬೇರೆ ಕೊಡುತ್ತೇವೆ' ಅನ್ನಬಹುದಿತ್ತು. ಒಳ್ಳೆಯ ಗಡಿಗೆಗೆ ಸುಳ್ಳು ಸಾಕ್ಷಿ ಹೇಳಿದ್ದೇವೆ. ಅದಕ್ಕೆ ಏನು ಕ್ಷಮೆ ಕೇಳುವುದು?

ಅವರವರ ಮನೆಯಲ್ಲೂ ಬಾರಿಸಿ ನೋಡಿಯೇ ಕಳಿಸಿದ್ದಾರೆ. ಒಬ್ಬರು ಬರೆದಿದ್ದಾರೆ — "ಈಗ ಎಷ್ಟು ಬಾರಿಸಿದರೂ ಒಡಕೇ ಕೇಳುತ್ತದೆ."

ತಿಪ್ಪೇಶಣ್ಣ ವೆಬ್‌ಸೈಟ್ ಮುಚ್ಚಿದ. "ಗಾಣದ ಎಣ್ಣಿ ಮಾಡಾಣ ಬಿಡು. ಎಣ್ಣಿ ಯಾರೂ ಬಾರಿಸಿ ನೋಡಂಗಿಲ್ಲ."

ತಮಾಷೆಗೆ ಹೇಳಿದ್ದಲ್ಲ. ಸಂಜೆಗೆ ಬಾಟಲಿಯ ಲೇಬಲ್ಲಿಗೆ ನಾಲ್ಕು ಸಾಲು ಬರೆದುಕೊಡು ಅಂತ ನನಗೇ ಹೇಳಿದ. ಬರೆಯುವುದಿಲ್ಲ ಅಂದೆ. ಅಂದೆನಾ? ಅಂದೆ. ಅವನಿಗೆ ಕೇಳಿಸಲಿಲ್ಲ.

ಮಾರ್ಚ್ 27, ಗುರುವಾರ

ಲೋಕಮ್ಮನ ಮನೆ. ಎರಡನೇ ಆವಿಗೆಯ ಗಡಿಗೆ ಅಂಗಳದ ತುಂಬಾ. ಮೇಲೆ ನೀಲಿ ತಾಡಪಾಲು. ಸುದ್ದಿ ನನಗಿಂತ ಮುಂಚೆ ಬಂದಿತ್ತು. ಮಹೇಶ್ವರಪ್ಪ ಬೇರೆ ಊರಿನಲ್ಲಿ ಮಾಲು ಎತ್ತಿಯಾಗಿದೆ. ಲೋಕಮ್ಮ ಸಂತೆಯಲ್ಲಿ ಎದುರಾದಾಗ "ನಿಮ್ದು ಈಗ ಫೋನಾಗೆ ಹಾಡೋ ಗಡಿಗೆ ಅಲ್ಲೇನವ್ವ, ನಮ್ಮಂಥೋರಿಗೆ ಎಲ್ಲಿ ಸಿಗ್ತಾವೆ" ಅಂದರಂತೆ.

ಕೂರು ಅನ್ನಲಿಲ್ಲ. ನಿಂತೇ ಹೇಳಿದೆ. ಮೊದಲಿನಿಂದ. ಎಲ್ಲೂ ತಡವರಿಸಲಿಲ್ಲ, ಆಶ್ಚರ್ಯ. ಬಹುಶಃ ಅವರು ನನ್ನ ಮುಖ ನೋಡದೆ ಸೌದೆಯ ಬೂದಿ ಕೆದಕುತ್ತಿದ್ದರಿಂದ.

"ಗಡಿಗಿ ಸರಿ ಅದಾವಲ್ಲ?"

"ಎಲ್ಲ ಸರಿ ಇದಾವೆ."

"ಮತ್ತ ಬಾರಿಸಿದ್ರ ಅವ್ರಿಗೆ ತಿಳಿಯಂಗಿಲ್ಲೇನು? ಕಿವಿ ಇಲ್ಲೇನು?"

"ಇದೆ. ಆದರೆ ನಂಬಿಕೆ ಹೋಗಿದೆ. ಇದು ನಿಮ್ಮ ಗಡಿಗೆ ಅಂತ ಹೇಳಿ ಬೇರೆ ಗಡಿಗೆ ಸದ್ದು ಕಳಿಸಿದ್ವಿ."

"ಹೇಳಿದ್ದು ಯಾರು?"

"ನಾನು."

"ಬಾರಿಸದೇ?"

"ಹೂಂ."

ಬೂದಿ ಕೆದಕುವುದು ನಿಂತಿತು. "ನೀ ಬಾಯಿ ಬಿಡದಿದ್ರೂ ಕಷ್ಟ, ಬಿಟ್ರೂ ಕಷ್ಟ, ತಂಗಿ."

ಬೈದಿದ್ದರೆ ಚೆನ್ನಾಗಿತ್ತು. ಗುತ್ಯಪ್ಪ ಚಕ್ರದ ಮೇಲೆ ಗೋಣಿಚೀಲ ಹೊದಿಸುತ್ತಿದ್ದರು. ಭಟ್ಟಿಯ ಮೇಸ್ತ್ರಿ ಹುಣ್ಣಿಮೆ ಕಳೆದ ಮೇಲೆ ಬಾ ಅಂದಿದ್ದಾನಂತೆ. ಲೋಕಮ್ಮನೇ ಹೇಳಿದರು. "ಅಂಗಳ ಖಾಲಿ ಆದ್ರ ಹೊಸ ಮಣ್ಣು ಹೊಡಸ್ಬೋದಿತ್ತು. ಮಳಿ ಬಿದ್ದ ಮ್ಯಾಲೆ ತಣ್ಣೀರ ಗಡಿಗಿ ಯಾರಿಗೆ ಬೇಕು?"

ಮಾರ್ಚ್ 29, ಶನಿವಾರ

ಸೊರಬಕ್ಕೆ ಹೋದೆ. ತೊಡೆಯ ಮೇಲೆ ಒಂದು ಗಡಿಗೆ. ಪಕ್ಕದ ಸೀಟಿನವರು ಎರಡು ಸಲ ಕೇಳಿದರು, ಎಷ್ಟಕ್ಕೆ ಕೊಡ್ತೀಯಮ್ಮ ಅಂತ.

ವಿನೋದಾ ಅವರು ಬಾಗಿಲು ತೆಗೆದರು. ದನಿಗಿಂತ ಕುಳ್ಳು. ನನ್ನನ್ನು ನೋಡಿದರು, ಗಡಿಗೆ ನೋಡಿದರು.

"ಯಾರು?"

"ನಾನು... ಹೆಸರು ಹೇಳ್ತಿದ್ನಲ್ಲ..."

ಆ ಮೆಲುದನಿಗೇ ಗುರುತು ಹಿಡಿದರು. ಒಳಗೆ ಬಾ ಅಂದರು, ಬಾಯಿ ಬಿಗಿದುಕೊಂಡು. ಗಡಿಗೆ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು ಕಂಠದಿಂದ ತಳದವರೆಗೆ ಬಾರಿಸಿದರು. ಕೆಳಗಿಟ್ಟರು.

"ಚೆನ್ನಾಗಿದೆ. ನನ್ನ ಮನೇದೂ ಚೆನ್ನಾಗೇ ಇದೆ. ಗಡಿಗೆ ಮೇಲೆ ನಂಗೆ ಅನುಮಾನನೇ ಇಲ್ಲ. ಒಂದು ಹೇಳು. ನನ್ನ ನಾದಿನಿ ಹೆಸರು ಹೇಳೋವಾಗ ನಿನ್ನೆದುರಿಗೆ ಗಡಿಗೆ ಇತ್ತಾ?"

"ಇಲ್ಲ."

"ಮತ್ತೆ 'ಇದು ನಿಮ್ಮ ಗಡಿಗೆ' ಅಂದ್ಯಲ್ಲ. ಇದು ಅಂದ್ರೆ ಯಾವುದು?"

ಎಂ.ಎ. ವೈವಾದಲ್ಲಿ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಲೋಕಮ್ಮನ ಅಂಗಳ, ತಾಡಪಾಲು, ಗುತ್ಯಪ್ಪನ ಭಟ್ಟಿ ಎಲ್ಲ ಹೇಳಿದೆ. ಅವರಿಗೋಸ್ಕರ ನೀವು ಇನ್ನೊಂದು ಸಲ ನಾಲ್ಕು ಜನಕ್ಕೆ ಹೇಳಿದರೆ ಅಂತ... ಪೂರ್ತಿ ಹೇಳಲು ಬಿಡಲಿಲ್ಲ.

"ಇಲ್ಲಮ್ಮ. ಒಂದ್ಸಲ ಹೇಳಿ ಆಯ್ತು. ಕುಂಬಾರರಿಗೆ ಅನ್ಯಾಯ ಆಗಿದೆ, ಒಪ್ಪಿದೆ. ಆದ್ರೆ ಆಡಿಯೋ ಅಂದ್ರೆ ಇನ್ನು ನಾನೇ ನಂಬಲ್ಲ, ಬೇರೆಯವರಿಗೆ ಏನು ಹೇಳಲಿ?"

ಒಳಗಿನಿಂದ ಅವರ ಅತ್ತೆ, ಮುಖ ಕಾಣಿಸಲಿಲ್ಲ, ದನಿ ಮಾತ್ರ: "ಅದೆಂಥ ಆಡಿಯೋನೇ? ಫೋನ್ ಮಾಡಿ ಬಾರಿಸ್ಲಿ. ನಾ ಎಲ್ಲಿ ಅಂತೀನೋ ಅಲ್ಲಿ ಬಾರಿಸ್ಬೇಕು. ಸಂತೇಲಿ ಅವರು ಬಾರಿಸಿ ತೋರಿಸಿದ್ದನ್ನ ಯಾವತ್ತಾದ್ರೂ ತಗೊಂಡಿದೀನಾ ನಾನು?"

ವಿನೋದಾ ಅವರು ನನ್ನನ್ನು ನೋಡಿದರು. "ಕೇಳಿಸ್ತಾ? ಮಾಡಕ್ಕಾಗತ್ತಾ ನಿನ್ನ ಕೈಲಿ? ಒಬ್ಬೊಬ್ಬರಿಗೂ ಫೋನ್ ಮಾಡಿ? ಬೈತಾರೆ."

ಬಸ್ಸಿಗೆ ಹೊತ್ತಾಯಿತು ಅಂದೆ. ಗಡಿಗೆಯನ್ನು ಅವರು ಇಟ್ಟುಕೊಳ್ಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ತಿಪ್ಪೇಶಣ್ಣ ಹೋಳಿಗೆಗೆ ಬಂದಿದ್ದ. ವಾಪಸ್ ಮಾಡಿದವರ ನಂಬರ್ ಕೇಳಿದೆ. "ತಗ, ಬೈಸ್ಕ. ಹಬ್ಬದ ಉಡುಗೊರೆ," ಅಂತ ಸಿಮ್ಮನ್ನೇ ತೆಗೆದು ಕೊಟ್ಟ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ

ಲೋಕಮ್ಮನ ಅಂಗಳ. ತಾಡಪಾಲು ಸರಿಸಿ ನೆರಳಲ್ಲಿ ಕೂತಿದ್ದೇನೆ. ಇಲ್ಲಿ ಬಸ್ಸಿಲ್ಲ. ಕೋಳಿ ಇವೆ. ಒಂದು ಫೋನಿಗೂ ಇನ್ನೊಂದಕ್ಕೂ ನಡುವೆ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯವರು 'ಮಣ್ಣಿನ ಮನೆ' ಅಂದ ಕೂಡಲೇ ಕಟ್. ಎರಡನೆಯವರು ಎತ್ತಲಿಲ್ಲ. ಮೂರನೆಯವರು ಪೂರ್ತಿ ಕೇಳಿಸಿಕೊಂಡು, ನಿಧಾನವಾಗಿ, ಮರ್ಯಾದೆಯಿಂದಲೇ ಬೈದರು. ಅದು ಎಲ್ಲಕ್ಕಿಂತ ಕಷ್ಟ. ನಾಲ್ಕನೆಯವರು... ಇದು ಬರೆದಿಡಬೇಕು. "ನಮಸ್ಕಾರ, ನಾನು ಯಶೋಧರಾ, ನಿಮ್ಮ ಗಡಿಗೆ ಬಾರಿಸದೇ ಕಳಿಸಿದ್ವಿ, ಅದು ನಮ್ಮ ತಪ್ಪು" ಅಂದೆ. ಆಚೆ ಕಡೆ ಯಾರಿಗೋ ಹೇಳಿದರು: "ಏನಿಲ್ಲ ಕಣೇ, ಮತ್ತೆ ಅದೇ ರೆಕಾರ್ಡ್ ಹಾಕ್ಯಾರೆ." ಕಟ್.

ಜೀವ ಇರುವ ದನಿಯಲ್ಲಿ ನಿಜ ಹೇಳಿದರೆ ರೆಕಾರ್ಡು. ರೆಕಾರ್ಡು ಹಾಕಿದಾಗ ಜೀವ ಇತ್ತು. ಗಡಿಗೆ ಒಡೆದುಹಾಕುವಷ್ಟು ಸಿಟ್ಟು ಬಂತು. ಲೋಕಮ್ಮ ಮಾತ್ರ ನಕ್ಕರು, ವಾರದಲ್ಲಿ ಮೊದಲ ಸಲ. "ಇನ್ನೊಂದು ಹಚ್ಚು. ಜೋರಾಗಿ ಮಾತಾಡು, ಕೆಮ್ಮು ನಡುವೆ. ರೆಕಾರ್ಡು ಕೆಮ್ಮಂಗಿಲ್ಲ."

ಗುತ್ಯಪ್ಪ ಚಕ್ರದ ಹತ್ತಿರ ಕೂತಿದ್ದಾರೆ. ಗೋಣಿಚೀಲ ತೆಗೆದಿಲ್ಲ. ಕೇಳುತ್ತಿದ್ದಾರೆ.

ಈಗ ಹಚ್ಚಿದ್ದು ಶಿರಸಿಗೆ, ಶ್ರೀರಂಜಿನಿ ಅವರಿಗೆ. ವಿನೋದಾ ಅವರ ನಾದಿನಿ. ಕೆಮ್ಮುವ ಮುಂಚೆಯೇ ಅವರು ಕೇಳಿದರು, "ರೆಕಾರ್ಡಿಂಗ್ ಅಲ್ಲ ಅಂದ್ರೆ ಇವತ್ತು ಯಾವ ವಾರ ಹೇಳಿ ನೋಡೋಣ." ಬುಧವಾರ ಅಂದೆ. "ಗಡಿಗೆ ಎದುರಿಗಿದ್ಯಾ?" ಇದೆ, ಕೈ ಅದರ ಮೇಲೇ ಇದೆ ಅಂದೆ. ಆಮೇಲೆ, "ನಂಗೆ ಇದೆಲ್ಲ ಗೊತ್ತಾಗಲ್ಲ. ಇಡಬೇಡಿ. ಓರಗಿತ್ತಿ ಹಿತ್ತಲಲ್ಲಿದ್ದಾರೆ, ಕರೀತೀನಿ. ಅವರು ಹೇಳಿದ ಕಡೆ ಬಾರಿಸ್ಬೇಕು ನೀವು."

ಇಟ್ಟಿಲ್ಲ. ಫೋನ್ ಸ್ಪೀಕರಿನಲ್ಲಿದೆ, ಸಿಂಬೆಯ ಪಕ್ಕ. ಅವರ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು. ಲೋಕಮ್ಮ ಕೋಳಿ ಅಟ್ಟಿದರು. ಬಾಗಿಲ ಸದ್ದು. ಚಪ್ಪಲಿ ಬಿಡುತ್ತಿದ್ದಾರೆ. ಬಂದರು ಅನ್ನಿಸುತ್ತೆ, "ಯಾರೇ ಅದು? ಗಡಿಗೆಯವಳಾ?" ಅಂತಿದ್ದಾರೆ, ಫೋನ್ ತಗೊಂಡರು. ಪೆನ್ನು ಕೆಳಗಿಡುತ್ತೇನೆ, ಬಾರಿಸಬೇಕು.